ಕದಿರಮ್ಮನ ಮೂಗು

ನಮ್ಮ ಶಾಲೆಯ ಅಡುಗೆಮನೆಗೆ ಸರ್ಕಾರ ಒಲೆ ಕೊಟ್ಟಿತ್ತು, ಪಾತ್ರೆ ಕೊಟ್ಟಿತ್ತು, ಸಿಲಿಂಡರ್ ಕೊಟ್ಟಿತ್ತು. ಕದಿರಮ್ಮನ ಮೂಗನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ, ಅದು ಆಕೆಯೇ ತಂದದ್ದು. ನಗಬೇಡಿ. ಒಂಬತ್ತು ವರ್ಷ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂತವಳು ನಾನು, ರಮಾದೇವಿ. ನನ್ನ ಬಾಯಿ ಜೋರು ಎಂದು ಶ್ರೀನಿವಾಸಪುರದ ಕಚೇರಿಯವರಿಂದ ಹಿಡಿದು ಯಲ್ದೂರು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ಇರುವುದನ್ನೇ ಹೇಳುತ್ತಾರೆ.

ಯಲ್ದೂರಿನಿಂದ ಮೂರು ಕಿಲೋಮೀಟರ್ ಒಳಗೆ, ಮಾವಿನ ತೋಟಗಳ ನಡುವೆ ನಮ್ಮ ಶಾಲೆ. ಎಂಬತ್ತನಾಲ್ಕು ಮಕ್ಕಳು. ಬಿಸಿಯೂಟಕ್ಕೆ ಕದಿರಮ್ಮ ಮುಖ್ಯ ಅಡುಗೆಯವಳು, ಗಂಗಾಲಕ್ಷ್ಮಿ ಸಹಾಯಕಿ. ಕದಿರಮ್ಮ ಮುಳಬಾಗಿಲು ಕಡೆಯಿಂದ ಹದಿನೇಳು ವರ್ಷಕ್ಕೆ ಮದುವೆಯಾಗಿ ಬಂದವಳು. ಮನೆಮಾತು ತೆಲುಗು. ಗಂಡ ತೀರಿಕೊಂಡಾಗ ಮಗ ಆಂಜಿಗೆ ಏಳು ವರ್ಷ. ಅದೇ ವರ್ಷ ಶಾಲೆಯಲ್ಲಿ ಊಟ ಶುರುವಾಯಿತು, ಆಕೆ ಸೌಟು ಹಿಡಿದಳು. ಈಗ ಆಂಜಿ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಊರ ಬಾಗಿಲಿಗೇ ಕಂಪನಿ ಬಸ್ಸು ಬರುತ್ತದೆ. "ಸಾಕಮ್ಮ, ಮನೇಲಿ ಕೂತ್ಕೋ" ಎಂದು ಅವನು ಹೇಳಿದಾಗಲೆಲ್ಲ ಆಕೆಯದು ಒಂದೇ ಉತ್ತರ: "ಎಂಬತ್ನಾಲ್ಕು ತಟ್ಟೆಗೆ ಇಕ್ಕಿದ ಕೈ ಕಣೋ ಇದು. ಎರಡು ತಟ್ಟೆಗೆ ಇಕ್ಕಿ ಏನ್ ಮಾಡ್ಲಿ?"

ಇನ್ನು ಮೂಗಿನ ವಿಷಯ. ಅಕ್ಕಿ ಮೂಟೆಯ ಬಾಯಿ ಬಿಚ್ಚುವ ಮುಂಚೆಯೇ ಅದು ಮುಗ್ಗಿದೆಯೋ ಇಲ್ಲವೋ ಎಂದು ಆಕೆಗೆ ಗೊತ್ತಾಗುತ್ತಿತ್ತು. ಹಾಲಿನ ಪುಡಿಯ ಪ್ಯಾಕೆಟ್ಟನ್ನು ಕತ್ತರಿಸಿ ಒಂದು ಸಲ ಮೂಸಿ "ಇದು ಬ್ಯಾಡ" ಎಂದರೆ ಮುಗಿಯಿತು, ಬ್ರಹ್ಮನೇ ಬಂದರೂ ಅದನ್ನು ಕಾಯಿಸುತ್ತಿರಲಿಲ್ಲ. ಒಮ್ಮೆ ಒಂದು ಡಬ್ಬ ಎಣ್ಣೆ ಕಮಟಾಗಿದೆ ಎಂದು ಸಾಮಾನು ತಂದ ವ್ಯಾನಿನವನ ಜೊತೆ ರಸ್ತೆಯಲ್ಲೇ ಜಗಳಕ್ಕೆ ನಿಂತಳು. ಸಿಟ್ಟು ಬಂದರೆ ಆಕೆಗೆ ಕನ್ನಡ ಬರುವುದಿಲ್ಲ, ತೆಲುಗೇ. ಆ ವ್ಯಾನಿನವನು ಡಬ್ಬ ವಾಪಸ್ ಹಾಕಿಕೊಂಡು ಹೊರಟವನು ಹಿಂದೆ ತಿರುಗಿ ನೋಡಲಿಲ್ಲ. ಹದಿನೆಂಟು ವರ್ಷದಲ್ಲಿ ನಮ್ಮ ಶಾಲೆಯ ಒಂದು ಮಗುವಿಗೂ ಊಟದಿಂದ ಹೊಟ್ಟೆ ಕೆಟ್ಟಿಲ್ಲ.

ಅಂಥ ಮೂಗು ಕೊರೋನಾ ಎರಡನೇ ಅಲೆಯ ಮೇ ತಿಂಗಳಲ್ಲಿ ಹೋಯಿತು. ನಾಲ್ಕು ದಿನ ಜ್ವರ, ಹತ್ತು ದಿನ ಒಳಕೋಣೆ. ಜ್ವರ ಇಳಿಯಿತು, ವಾಸನೆ ಬರಲಿಲ್ಲ. ಸಾಸಿವೆ ಒಗ್ಗರಣೆ ಹೊತ್ತಿಸಿ ನೋಡಿದಳಂತೆ, ಮಲ್ಲಿಗೆ ಮೂಸಿದಳಂತೆ, ಕೊನೆಗೆ ಸೀಮೆಎಣ್ಣೆ ಬಾಟಲಿಯ ಬಿರಡೆಯನ್ನೂ ಬಿಡಲಿಲ್ಲವಂತೆ. ಏನೂ ಇಲ್ಲ. ಈ ಮಾತನ್ನು ಆಂಜಿಗೂ ಹೇಳಲಿಲ್ಲ. ಹೇಳಿದರೆ ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಶಾಲೆ ತೆರೆದ ದಿನ ತಾನೇ ಅಲ್ಲಿ ನಿಲ್ಲಬೇಕು, ಅಷ್ಟೇ ಆಕೆಯ ಹಟ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಕ್ಟೋಬರ್‌ನಲ್ಲಿ ಆದೇಶ ಬಂತು. ಶಾಲೆ ತೆರೆಯಬೇಕು, ಸೋಮವಾರದಿಂದ ಬಿಸಿಯೂಟವೂ ನಡೆಯಬೇಕು. ಆದೇಶದ ಹಿಂದೆ ಸುತ್ತೋಲೆ, ಸುತ್ತೋಲೆಯ ಹಿಂದೆ ಇನ್ನೊಂದು ಸುತ್ತೋಲೆ. ಅಯ್ಯೋ, ಓದಿ ಓದಿ ನನ್ನ ಕಣ್ಣು ಸೋತುಹೋದವು. ಗೇಟಿನಿಂದ ಜಗಲಿಯವರೆಗೆ ಸುಣ್ಣದಲ್ಲಿ ವೃತ್ತ ಬರೆಸಿದೆವು, ಒಂದು ಬೆಂಚಿಗೆ ಇಬ್ಬರೇ ಎಂದು ಗುರುತು ಹಾಕಿದೆವು, ನಲ್ಲಿಗೊಂದು ಸೋಪು ಕಟ್ಟಿದೆವು. ಜ್ವರ ನೋಡುವ ಗನ್ನನ್ನು ಮೊದಲು ನನ್ನ ಹಣೆಗೇ ಹಿಡಿದರು. ಕದಿರಮ್ಮ ಲಸಿಕೆಯ ಎರಡೂ ಡೋಸ್ ಮುಗಿಸಿ, ಮೂರು ದಿನ ಅಡುಗೆಮನೆ ಉಜ್ಜಿದಳು. ಬೇಳೆ ಡ್ರಮ್ಮಿನ ಹಿಂದಿದ್ದ ಇಲಿಗೂಡನ್ನು ಬರಿಗೈಯಲ್ಲಿ ಎತ್ತಿ ಎಸೆದಳು.

ಇನ್ನು ತಂದೆತಾಯಿಯರ ಒಪ್ಪಿಗೆ ಪತ್ರ. ಅದಿಲ್ಲದೆ ಒಂದು ಮಗುವನ್ನೂ ಒಳಗೆ ಬಿಡುವಂತಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ವೆಂಕಟರಮಣಪ್ಪ, ಮಾವಿನ ತೋಟದವರು. ಅವರೂ ನಾನೂ ಮನೆಮನೆ ಸುತ್ತಿದೆವು. ಸ್ಯಾನಿಟೈಸರ್, ಅಂತರ, ಥರ್ಮಾಮೀಟರ್ ಎಂದು ನಾನು ಒಪ್ಪಿಸಿದ ಪಾಠವನ್ನೆಲ್ಲ ತಾಯಂದಿರು ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಡುಗೆ ಯಾರ್ದು ಮೇಡಂ?"

"ಕದಿರಮ್ಮಂದೇ."

"ಅಂಗಾದ್ರೆ ತನ್ನಿ, ಸೈನ್ ಹಾಕ್ತೀನಿ."

ಎಂಬತ್ತನಾಲ್ಕರಲ್ಲಿ ಎಪ್ಪತ್ತೊಂಬತ್ತು ಪತ್ರ ಬಂದವು. ನನ್ನ ಮುಖ ನೋಡಿ ಬಂದವಲ್ಲ ಅವು.

ಶನಿವಾರ ಒಂದು ತಾಲೀಮು ಇಟ್ಟುಕೊಂಡೆವು. ಸಮಿತಿಯವರು, ಶಿಕ್ಷಕರು ಸೇರಿ ಹತ್ತು ಜನ ಮಕ್ಕಳ ಹಾಗೆಯೇ ಸಾಲಿನಲ್ಲಿ ಬಂದು, ಕೈ ತೊಳೆದು, ಮೂರಡಿ ಬಿಟ್ಟು ಕೂತು ಊಟ ಮಾಡುವುದು. ಫೋಟೊ ತೆಗೆದು ಇಲಾಖೆಯ ಗ್ರೂಪಿಗೆ ಹಾಕುವುದಿತ್ತು, ಅದಕ್ಕೆ ನಾನೂ ತಟ್ಟೆ ಇಟ್ಟುಕೊಂಡು ಕೂತೆ. ಗಂಗಾಲಕ್ಷ್ಮಿ ಎರಡನೇ ಡೋಸ್‌ಗೆಂದು ಆಸ್ಪತ್ರೆಗೆ ಹೋಗಿದ್ದಳು, ಹಾಗಾಗಿ ಕದಿರಮ್ಮ ಒಬ್ಬಳೇ ಅನ್ನ, ಸಾಂಬಾರು ಮಾಡಿದ್ದಳು. ನಮ್ಮೆಲ್ಲರ ಮುಖಕ್ಕೂ ಬಿಗಿಯಾದ ಮಾಸ್ಕು. ಬಡಿಸಿದ್ದಾಯಿತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆವು. ತಟ್ಟೆಯಿಂದ ಗಮ್ಮನೆ ಎದ್ದದ್ದು ಬ್ಲೀಚಿಂಗ್ ಪೌಡರ್ ವಾಸನೆ!

ವೆಂಕಟರಮಣಪ್ಪ ಆಗಲೇ ಒಂದು ತುತ್ತು ಬಾಯಿಗಿಟ್ಟಿದ್ದರು. ಓಡಿಹೋಗಿ ಉಗಿದು ಬಂದರು. "ಥೂ! ಏನ್ ಕದಿರಮ್ಮ, ಆಸ್ಪತ್ರೆ ನೆಲ ಒರೆಸಿದ ನೀರಲ್ಲಿ ಬೇಯಿಸಿದ್ಯಾ?"

ಪಂಚಾಯಿತಿಯ ನೀರುಗಂಟಿ ಮುನಿಯಲ್ಲಪ್ಪ ಗೇಟಿನ ಹತ್ತಿರವೇ ಇದ್ದ. ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ. "ನೀರಿನ ಸಂಪಿಗೆ ಬ್ಲೀಚಿಂಗ್ ಹಾಕು ಅಂತ ಮೆಂಬ್ರು ಅಂದ್ರು, ಹಾಕ್ದೆ ಮೇಡಂ. ಮಾರ್ನೇ ದಿನ ಆಶಾ ಅಮ್ಮ ಬಂದು ಹಾಕು ಅಂದ್ರು, ಮತ್ತೆ ಹಾಕ್ದೆ. ಮಕ್ಕಳು ಬರ್ತವಲ್ಲ ಅಂತ ನಾನೂ ನನ್ ಕಡೆಯಿಂದ ಎರಡು ಬೊಗಸೆ ಹಾಕ್ದೆ."

ಅವನ ಒಳ್ಳೆಯತನಕ್ಕೆ ಕೈಮುಗಿದು ಕಳಿಸಿದೆ. ಆಮೇಲೆ ನನ್ನ ಸಿಟ್ಟು ತಿರುಗಿದ್ದು ಕದಿರಮ್ಮನ ಕಡೆಗೆ. "ಅಲ್ಲಮ್ಮ, ಮೂಟೆ ಬಿಚ್ಚೋಕೆ ಮುಂಚೆ ಅಕ್ಕಿ ಮುಗ್ಗಿದೆ ಅನ್ನೋಳು ನೀನು! ಕೈಯಾರೆ ಮೊಗೆದ ನೀರು ನಿಂಗೆ ಗೊತ್ತಾಗಲಿಲ್ವಾ? ಸೋಮವಾರ ಇದನ್ನೇ ಮಕ್ಕಳಿಗೆ ಬಡಿಸಿದ್ರೆ ಏನು ಗತಿ?"

ವೆಂಕಟರಮಣಪ್ಪನವರೇ ಆಕೆಗೊಂದು ದಾರಿ ಮಾಡಿಕೊಟ್ಟರು. "ಹೋಗ್ಲಿ ಬಿಡಿ ಮೇಡಂ. ಮಾಸ್ಕ್ ಹಾಕ್ಕೊಂಡಿದ್ಲು, ಪಾಪ. ನಮಗೇ ತೆಗೆಯೋತನಕ ಗೊತ್ತಾಯ್ತಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಂಪು ಖಾಲಿ ಮಾಡಿಸಿ, ಸೋಮವಾರ ಆಕೆಯನ್ನೇ ಒಲೆಯ ಮುಂದೆ ನಿಲ್ಲಿಸುತ್ತಿದ್ದೆವು. ಕದಿರಮ್ಮ ತಟ್ಟೆಗಳನ್ನು ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಮಾಸ್ಕಿಂದ ಅಲ್ಲಣ್ಣಾ. ಒಲೆ ಮುಂದೆ ನಾನು ಮಾಸ್ಕ್ ಹಾಕ್ಕೊಂಡೇ ಇರ್ಲಿಲ್ಲ. ನಂಗೆ ವಾಸ್ನೆ ಗೊತ್ತಾಗಲ್ಲ. ಮೇ ತಿಂಗ್ಳಿಂದ."

ಆಮೇಲೆ ವೆಂಕಟರಮಣಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಊರಿಗೆ ಗೊತ್ತಾಗುವುದರೊಳಗೆ ಬೇರೆಯವರನ್ನು ನೋಡಿಬಿಡೋಣ ಎಂದರು. ಮಕ್ಕಳ ವಿಷಯ, ಹುಡುಗಾಟವಲ್ಲ ಎಂದರು. ನಾನೂ ಹೂಂ ಎಂದೆ. ಮನಸ್ಸು ಒಪ್ಪಲಿಲ್ಲ, ಆದರೂ ಹೂಂ ಎಂದೆ.

ಅರ್ಧ ಗಂಟೆಯ ಮೇಲೆ ಕದಿರಮ್ಮ ನನ್ನ ಕೋಣೆಗೆ ಬಂದಳು. ಕಣ್ಣೀರು ಹಾಕಿಕೊಂಡು ಬರುತ್ತಾಳೆಂದು ನಾನು ಸಮಾಧಾನದ ಮಾತು ಜೋಡಿಸಿಟ್ಟುಕೊಂಡಿದ್ದೆ. ಆಕೆಯ ಕೈಯಲ್ಲಿ ಅಡುಗೆಮನೆಯ ಉದ್ದ ಪುಸ್ತಕವಿತ್ತು. ಮೇಜಿನ ಮೇಲೆ ಬಿಡಿಸಿಟ್ಟಳು.

"ನಂಗೆ ಓದಕ್ಕೆ ಬರಲ್ಲ. ಇದ್ರಲ್ಲಿ ಏನ್ ಬರ್ದೈತೆ ಮೇಡಂ?"

"ರುಚಿ ನೋಡಿದ್ದಕ್ಕೆ ಸಹಿ." ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಶಿಕ್ಷಕರೊಬ್ಬರು ಊಟ ತಿಂದುನೋಡಿ ಆ ಪುಸ್ತಕದಲ್ಲಿ ಬರೆಯಬೇಕೆಂದು ನಿಯಮವಿದೆ.

"ಸೈನ್ ಯಾರ್ದು?"

"ನಂದು."

"ನೀವು ಯಾವತ್ತು ತಿಂದ್ರಿ?"

ಮೈಯೆಲ್ಲ ಉರಿದುಹೋಯಿತು. ಎಷ್ಟು ಧೈರ್ಯ ಇವಳಿಗೆ ಎಂದು ಎದ್ದೇ ನಿಂತೆ. ನಿಂತವಳ ಕಣ್ಣಿಗೆ ಬಿಡಿಸಿಟ್ಟ ಪುಸ್ತಕ ಬಿತ್ತು. ಪುಟದ ತುಂಬ 'ಚೆನ್ನಾಗಿದೆ', 'ಚೆನ್ನಾಗಿದೆ', ಕೆಳಗೆ ನನ್ನ ಸಹಿ. ಒಂಬತ್ತು ವರ್ಷದಲ್ಲಿ ಒಂದು ಅಗುಳನ್ನೂ ನಾನು ಬಾಯಿಗೆ ಹಾಕಿಕೊಂಡಿರಲಿಲ್ಲ. ಬಿ.ಪಿ. ಇದೆ, ಮನೆಯ ಡಬ್ಬಿಯೇ ಸರಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬಿ.ಪಿ. ಬಂದದ್ದು ಮೂರು ವರ್ಷದ ಕೆಳಗೆ. ಅದಕ್ಕೂ ಮುಂಚಿನ ಆರು ವರ್ಷಕ್ಕೆ ಇದ್ದ ಕಾರಣ, ಇಂಥವರ ಕೈಯಲ್ಲಿ ಉಣ್ಣುವ ರೂಢಿ ನಮ್ಮ ಮನೆತನದಲ್ಲಿ ಇಲ್ಲ ಎಂಬುದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕದಿರಮ್ಮನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು.

"ನಾನು ಐದ್ ತಿಂಗ್ಳು ಸುಳ್ಳು ಹೇಳ್ದೆ ಮೇಡಂ, ತಪ್ಪಾಯ್ತು," ಎಂದಳು. "ನೀವು ಒಂಬತ್ತು ವರ್ಷ ಹೇಳಿದ್ರಿ. ನನ್ ಒಬ್ಬಳ ಮೂಗು ನಂಬ್ಕೊಂಡು ಅಷ್ಟು ಮಕ್ಕಳು ಉಂಡವೆ. ನಾಳೆ ನನ್ನ ತೆಗೆದು ಇನ್ನೊಬ್ಬಳನ್ನ ತರ್ತೀರ. ಅವಳಿಗೂ ಇರೋದು ಒಂದೇ ಮೂಗು. ಅದೂ ಹೋದ್ರೆ?"

ನಾನು ಕೂತೆ.

"ನಾನಾಗೇ ಬಿಟ್ಟು ಹೋಗಲ್ಲ. ತೆಗೆಯೋದಾದ್ರೆ ಮಕ್ಕಳ ತಾಯಂದಿರು ತೆಗೀಲಿ. ನಾಳೆ ಎಲ್ಲರ್ನೂ ಕರೀರಿ, ನಾನೇ ಹೇಳ್ತೀನಿ."

ಭಾನುವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸೇರಿದರು. ಎಪ್ಪತ್ತೊಂಬತ್ತು ಒಪ್ಪಿಗೆ ಪತ್ರಗಳನ್ನೂ ಮೇಜಿನ ಮೇಲೆ ಇಡಿಸಿದ್ದು ಕದಿರಮ್ಮನೇ. ಮುಂದೆ ಬಂದು ನಿಂತಳು.

"ನಂಗೆ ಕೊರೋನಾ ಬಂದಿತ್ತು. ಮೂಗು ಹೋಗ್ಬುಟ್ಟೈತೆ. ನಿನ್ನೆ ಬ್ಲೀಚಿಂಗ್ ನೀರಲ್ಲಿ ಅನ್ನ ಮಾಡ್ದೆ, ಗೊತ್ತೇ ಆಗ್ಲಿಲ್ಲ. ಕೈ ಹೋಗಿಲ್ಲ, ಕಣ್ಣು ಹೋಗಿಲ್ಲ. ಇನ್ಮೇಲೆ ನೀರು, ಎಣ್ಣೆ, ಬೇಳೆ ಎಲ್ಲ ಗಂಗಾ ಮೂಸಿ ನೋಡಿದ್ಮೇಲೇ ನಾನು ಒಲೆ ಹಚ್ಚೋದು. ಆಮೇಲೆ ಮೇಡಂ ಉಂಡು ನೋಡ್ಬೇಕು. ಅವರು ಉಣ್ಣದೆ ಒಂದು ತಟ್ಟೆಗೂ ಬಡಿಸಲ್ಲ. ಇದು ಒಪ್ಪಿಗೆ ಇಲ್ದೋರು ನಿಮ್ಮ ಪತ್ರ ತಗೊಂಡು ಹೋಗಿ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದವಳು ಪತ್ರಗಳನ್ನು ಅವರ ಕಡೆಗೆ ಸರಿಸಿದಳು. ಇನ್ನು ನಾನು ಕೂತಿರಲಾಗಲಿಲ್ಲ. ಎದ್ದು ಪುಸ್ತಕದ ಕಥೆಯನ್ನು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಅಷ್ಟು ಕಷ್ಟದ ಪಾಠವನ್ನು ನಾನು ಮಾಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೂರು ಜನ ಬಂದು ಪತ್ರ ಎತ್ತಿಕೊಂಡರು. ನಾಲ್ಕನೆಯವಳಾಗಿ ಎದ್ದವಳು ವಾಣಿಶ್ರೀ. ಆಕೆಯ ಇಬ್ಬರು ಮಕ್ಕಳು ನಮ್ಮಲ್ಲಿ ಓದುತ್ತಾರೆ. ಮೇಜಿನವರೆಗೆ ಬಂದು ನನ್ನನ್ನೇ ನೋಡಿದಳು.

"ದಿನಾ ಉಣ್ತೀರಾ ಮೇಡಂ?"

"ದಿನಾ."

"ನಮ್ ಮಕ್ಕಳಿಗಿಂತ ಮುಂಚೆ?"

"ಮುಂಚೆ."

"ಅಂಗಾದ್ರೆ ನಮ್ದು ಅಲ್ಲೇ ಇರ್ಲಿ," ಎಂದು ಬರಿಗೈಯಲ್ಲಿ ವಾಪಸ್ ಹೋದಳು. ಅವಳ ಹಿಂದೆ ಎದ್ದಿದ್ದ ಇಬ್ಬರು ಹಾಗೆಯೇ ಕೂತರು. ವೆಂಕಟರಮಣಪ್ಪ ಉಳಿದ ಪತ್ರಗಳನ್ನು ಎಣಿಸಿ, ರಬ್ಬರ್‌ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟರು. ಬೇರೆಯವರನ್ನು ತರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಸೋಮವಾರ ಮಕ್ಕಳು ಬಂದವು. ಒಂದೂವರೆ ವರ್ಷದಲ್ಲಿ ಲಂಗಗಳೆಲ್ಲ ಮೊಣಕಾಲಿನ ಮೇಲಕ್ಕೆ ಹೋಗಿದ್ದವು. ಮಾಸ್ಕ್ ಹಾಕಿದ ಮುಖಗಳಲ್ಲಿ ಯಾವುದು ಯಾರದೆಂದು ಹೊಳೆಯದೆ ನಾನು ತಪ್ಪು ತಪ್ಪು ಹೆಸರು ಕರೆದೆ. ಅಡುಗೆಮನೆಯಲ್ಲಿ ಗಂಗಾಲಕ್ಷ್ಮಿ ಹೊಸದಾಗಿ ತುಂಬಿಸಿದ ನೀರನ್ನು ಮೂಸಿದಳು, ಎಣ್ಣೆ ಮೂಸಿದಳು, ಬೇಳೆ ಮೂಸಿದಳು. "ಏಮೇ, ಸರಿಗಾ ಚೂಡು, ಸರಿಯಾಗಿ ನೋಡೇ" ಎಂದು ಕದಿರಮ್ಮ ಅವಳನ್ನು ಗದರಿಕೊಳ್ಳುತ್ತಿದ್ದದ್ದು ನನ್ನ ಕೋಣೆಗೆ ಕೇಳಿಸುತ್ತಿತ್ತು.

ಹನ್ನೆರಡೂವರೆಗೆ ನಾನು ಅಡುಗೆಮನೆಗೆ ಹೋದೆ. ಕೈ ತೊಳೆದು, ನೆಲದ ಮೇಲೆ ಕೂತು, ಮಾಸ್ಕ್ ತೆಗೆದೆ. ಕದಿರಮ್ಮ ತಟ್ಟೆಗೆ ಅನ್ನ ಹಾಕಿ, ಸಾಂಬಾರು ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಅಗಿದೆ. ಇನ್ನೊಂದು ತುತ್ತು ತಿಂದೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಹುಳಿ ಮುಂದಾಗಿದೆ ಕದಿರಮ್ಮ," ಎಂದೆ. "ಉಪ್ಪು ಸಾಲದು."

ಗಂಗಾಲಕ್ಷ್ಮಿ ಗಾಬರಿಯಾಗಿ ಸೌಟು ಕೆಳಗಿಟ್ಟಳು. ಕದಿರಮ್ಮನ ಕಣ್ಣು ತುಂಬಿ ಬಂತು.

"ಒಂಬತ್ತು ವರ್ಷ ಚೆನ್ನಾಗೈತೆ ಅಂತ ಬರ್ದ್ರಿ ಮೇಡಂ," ಎಂದಳು. "ಇವತ್ತು ಉಂಡ್ರಿ."

ಉಪ್ಪಿನ ಡಬ್ಬಿ ತೆಗೆದು ಸಾಂಬಾರಿಗೆ ಉಪ್ಪು ಹಾಕಿ ತಿರುವಿದಳು. ಸೌಟಿನಲ್ಲಿ ಇಷ್ಟು ತಂದು ನನ್ನ ಮುಂದೆ ಹಿಡಿದಳು. "ಈಗ ನೋಡಿ." ನಾನು ಕೈಚಾಚಿದೆ.