ಇಂದೂ ಕಾಕು ಹೇಳಿದ ಸುಳ್ಳುಗಳು

ಇಂದೂ ಕಾಕು ಸುಳ್ಳು ಹೇಳುವುದನ್ನು ಮನೆಗೆಲಸದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಬೆಳಿಗ್ಗೆ ಹಾಲಿನವನಿಗೆ ಒಂದು, ಕಾಯಿಪಲ್ಲೆಯವಳಿಗೆ ಒಂದು. ತೀರಿಕೊಂಡ ಅವರ ಗಂಡ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸುವ ಕೋಚಿಂಗ್ ಕ್ಲಾಸಿನ ಹುಡುಗರಿಗೆ ಮಾತ್ರ ಆ ಗಂಡ ಪೊಲೀಸ್ ಫೌಜದಾರರು. ಸಾಹೇಬರು ಈಗ ಬಂದುಬಿಡುತ್ತಾರೆ ಎಂದು ಕಾಕು ಮೇಲಿನಿಂದ ಮರಾಠಿಯಲ್ಲಿ ಗದರಿದರೆ ಸ್ಕೂಟರುಗಳು ತಾವಾಗಿ ಸರಿಯುತ್ತಿದ್ದವು. ಸಾಹೇಬರು ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು.

ಧಾರವಾಡದ ಹೆಣ್ಣುಮಗಳು, ಮದುವೆಯಾಗಿ ಪುಣೆಗೆ ಬಂದು ಸದಾಶಿವ ಪೇಠೆಯಲ್ಲೇ ಮುದುಕಿಯಾದವರು. ಒಂದೇ ಮಹಡಿಯಲ್ಲಿ ಅವರ ಎದುರುಮನೆ ನಮ್ಮದು. ನಾನು ಚಿಂಚವಾಡದ ಕಾರ್ಖಾನೆಯೊಂದರ ತಪಾಸಣೆ ವಿಭಾಗದವನು. ಬಿಡಿಭಾಗದಲ್ಲಿ ದೋಷ ಕಂಡರೆ ಕಾರಣ ಹುಡುಕಿ ಬರೆಯಬೇಕು. ಗೊತ್ತಿಲ್ಲ ಎಂದು ಬರೆದರೆ ಮೇಲಿನವರು ಒಪ್ಪುವುದಿಲ್ಲ. ಹಾಗಾಗಿ ಕಾಕುವಿನ ಬಾಯಿಗೂ ನನ್ನ ಸ್ವಭಾವಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ.

ನಮ್ಮ ಮಗಳು ಹುಟ್ಟಿದಾಗ ನೋಡಲು ಸರಿಯಾಗಿಯೇ ಇದ್ದಳು. ಮೂರು ನಾಲ್ಕು ದಿನಕ್ಕೆ ಹಾಲು ಎಳೆಯುವುದನ್ನು ಬಿಟ್ಟಳು. ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದವು, ಆಮೇಲೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಬೆನ್ನಿನ ನೀರು ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಬಂದ ವರದಿಗಳೆಲ್ಲ ಸರಿಯಾಗಿದ್ದವು, ಮಗು ಮಾತ್ರ ಸರಿಯಿರಲಿಲ್ಲ. ಏನೋ ಗಂಭೀರವಾದದ್ದು ಇದೆ, ಏನೆಂದು ಇನ್ನೂ ಸಿಕ್ಕಿಲ್ಲ ಎಂದ ಡಾಕ್ಟರು, ಮೂಗಿನ ಕೊಳವೆಯಲ್ಲಿ ಹಾಲು ಕೊಡುವುದನ್ನು ಕಲಿಸಿ ನಮ್ಮನ್ನು ಮನೆಗೆ ಕಳಿಸಿದರು.

ಬಂದದ್ದೇ ತಡ, ಕೂಸು ನೋಡುವವರ ಸಾಲು ಶುರುವಾಯಿತು. ಕೈಯಲ್ಲಿ ಕುಂಚಿಗೆ, ಅಂಟಿನುಂಡೆ, ಬಾಯಲ್ಲಿ ಒಂದೇ ಪ್ರಶ್ನೆ: "ಡಾಕ್ಟರ್ ಏನಂದ್ರು?" ಗೊತ್ತಾಗಿಲ್ಲ ಎಂದರೆ ಯಾರಿಗೂ ಸಮಾಧಾನವಿಲ್ಲ, ಕಾರಣವನ್ನು ತಾವೇ ಹುಡುಕತೊಡಗುತ್ತಿದ್ದರು. ನನ್ನ ಸ್ವಂತ ಸೋದರತ್ತೆ, "ಗ್ರಹಣದಾಗ ಹೊರಗ ಬಂದಿದ್ಯೇನವಾ?" ಎಂದು ನನ್ನ ಹೆಂಡತಿ ಸ್ಮಿತಾಳನ್ನು ಕೇಳಿದ ದಿನ, ಅವಳು ಮಗುವನ್ನೆತ್ತಿಕೊಂಡು ಒಳಕೋಣೆ ಸೇರಿ ಚಿಲಕ ಹಾಕಿಕೊಂಡಳು. ಊಟಕ್ಕೂ ಹೊರಗೆ ಬರಲಿಲ್ಲ. ಮಗಳು ಕೈತಪ್ಪುತ್ತಾಳೆಂಬ ಭಯದ ಜೊತೆಗೆ ಇವಳೂ ಕೈತಪ್ಪುತ್ತಾಳೆಂಬ ಭಯ ನನಗೆ ಹತ್ತಿಕೊಂಡಿತು.

ಮರುದಿನ ಕಾಕು ಬೆತ್ತದ ಕುರ್ಚಿಯೊಂದನ್ನು ಮೆಟ್ಟಿಲಿನ ತುದಿಗೆ ಎಳೆದುಕೊಂಡು ಬಟಾಣಿ ಸುಲಿಯುತ್ತ ಕೂತರು. ಬಂದವರನ್ನೆಲ್ಲ ಅಲ್ಲೇ ತಡೆದರು. ಮೇಲ್ಮಹಡಿಯ ಮರಾಠಿ ಹೆಂಗಸಿಗೆ ಕಾಮಾಲೆ ಎಂದರು. ಬ್ಯಾಂಕಿನವರ ಹೆಂಡತಿಗೆ ರಕ್ತದಲ್ಲಿ ಸಕ್ಕರೆ ಕಡಿಮೆ ಎಂದರು. ನನ್ನ ಸೋದರತ್ತೆಗೆ, "ಹೆಸರು ಭಾಳ ಉದ್ದ ಅದ ರೀ, ಇಂಗ್ಲೀಷಿನ್ಯಾಗ. ಹೇಳಲಿಕ್ಕೆ ಹೋದ್ರ ನನ್ನ ಹಲ್ಲಿನ ಸೆಟ್ ಬೀಳ್ತದ" ಎಂದರು. ಉಂಡೆಯ ಡಬ್ಬಿ ಇಸಿದುಕೊಂಡು ಎಲ್ಲರನ್ನೂ ಹಾಗೇ ಬೀಳ್ಕೊಟ್ಟರು.

ಯಾರದೋ ಮನೆಯ ಹಳದಿ-ಕುಂಕುಮದಲ್ಲಿ ಈ ಮೂವರೂ ಕಲೆತು, ತಾಳೆ ನೋಡಿ, ದಂಡೆತ್ತಿ ಬಂದರು. ಕಾಕು ಬಟಾಣಿಯ ಮೊರದಿಂದ ತಲೆಯೆತ್ತಲೂ ಇಲ್ಲ. "ಎಲ್ಲಾನೂ ಇದ್ದೂ ರೀ. ಈಗ ಒಂದೊಂದಾಗಿ ಹೊಂಟಾವ" ಎಂದರು. ಚಿಲಕ ಹಾಕಿದ ಕೋಣೆಯೊಳಗೆ ಸ್ಮಿತಾ ನಕ್ಕದ್ದು ನನಗೆ ಕೇಳಿಸಿತು. ಕಾಕುವಿನ ಕಾಲಿಗೆ ಬೀಳಬೇಕೆನಿಸಿತು. ಅಂದು ಸ್ಮಿತಾ ಹೊರಗೆ ಬಂದು ನನ್ನ ಜೊತೆ ಉಂಡಳು.

ಒಂದು ಮಧ್ಯಾಹ್ನ ಹಾಲು ಕೊಡುತ್ತಿದ್ದ ಹಾಗೇ ಮಗಳು ನೀಲಿಯಾದಳು. ರಿಕ್ಷಾದಲ್ಲಿ ಸ್ಮಿತಾಳ ತೊಡೆಯ ಮೇಲೆ ಮಗು, ಪಕ್ಕದಲ್ಲಿ ಚಪ್ಪಲಿ ಮೆಟ್ಟುವುದನ್ನೂ ಮರೆತ ಕಾಕು, ಚಾಲಕನ ಬದಿಗೆ ಅರ್ಧ ಹೊರಗೆ ನಾನು. ಕಮಿಶನರ್ ಸಾಹೇಬರ ಮೊಮ್ಮಗಳು, ದಾರಿ ಬಿಡಿ ಎಂದು ಕಾಕು ಒಂದೊಂದು ಸಿಗ್ನಲ್ಲಿನಲ್ಲೂ ಮರಾಠಿಯಲ್ಲಿ ಕೂಗಿದರು. ದಾರಿ ಬಿಟ್ಟರು ಕೂಡ. ಆಸ್ಪತ್ರೆಯಲ್ಲಿ ಸ್ಮಿತಾಳನ್ನು ಮಗುವಿನ ಜೊತೆ ಒಳಗೆ ಬಿಟ್ಟರು, ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು.

"ಕಾಕು, ಉಳೀತಾಳ ಅಲ್ರೀ?" ಎಂದೆ. ಹೂಂ ಎಂದರೆ ಸಾಕಿತ್ತು. ಅವರ ಸುಳ್ಳು ಮೊದಲ ಸಲ ನನಗೇ ಬೇಕಾಗಿತ್ತು.

"ನನಗ ಗೊತ್ತಿಲ್ಲಪಾ."

ಸಿಟ್ಟು ನೆತ್ತಿಗೇರಿತು. "ಊರ ಮಂದಿಗೆಲ್ಲಾ ಹೇಳ್ತೀರಿ. ನನಗೊಂದು ಹೇಳಲಿಕ್ಕೆ ಏನಾಗ್ಯದ್ರಿ?"

"ಅವರು ಕೇಳಿ ಮನೀಗೆ ಹೋಗೋ ಮಂದಿ. ಅವರಿಗೆ ಏನು ಹೇಳಿದ್ರೂ ನಡೀತದ. ನೀ ಇಲ್ಲೇ ಇರಾಂವ, ನಾನೂ ಇಲ್ಲೇ ಇರಾಕಿ. ನಿನಗ್ಯಾಕ ಸುಳ್ಳು ಹೇಳಲಿ?" ಎಂದವರು ನನ್ನ ಕೈ ಹಿಡಿದು ಕೂತರು.

ಮಗಳು ಉಳಿದಳು. ರಕ್ತದ ಮಾದರಿಗಳು ಊರೂರು ಸುತ್ತಿ ಬಂದರೂ ಅವಳ ಕಾಯಿಲೆ ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಕೊಳವೆ ತೆಗೆದಿದ್ದಾರೆ, ಗಂಜಿ ನುಂಗುತ್ತಾಳೆ, ದಿಂಬಿಗೆ ಒರಗಿಸಿದರೆ ಕೂರುತ್ತಾಳೆ. ಮಾತು ಬಂದಿಲ್ಲ. ಕಾಕು ಜಾರಿಬಿದ್ದು ಸೊಂಟ ಮುರಿದುಕೊಂಡು ಹುಬ್ಬಳ್ಳಿಯ ಮಗಳ ಮನೆ ಸೇರಿದ ಮೇಲೆ, ಬಂದವರಿಗೆ ಸ್ಮಿತಾ ತಾನೇ ಬಾಗಿಲು ತೆಗೆಯುತ್ತಾಳೆ. "ಇನ್ನೂ ಗೊತ್ತಾಗಿಲ್ರಿ. ಒಳಗ ಬರ್ರಿ" ಎನ್ನುತ್ತಾಳೆ.

ಕಳೆದ ಬೇಸಿಗೆಯಲ್ಲಿ ನಾವು ಮೂವರೂ ಹುಬ್ಬಳ್ಳಿಗೆ ಹೋದೆವು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಇನ್ನು ಹೆಚ್ಚು ದಿನವಿಲ್ಲ, ಅವ್ವನಿಗೂ ಗೊತ್ತು ಎಂದು ಕಾಕುವಿನ ಮಗಳು ಬಾಗಿಲಲ್ಲೇ ಹೇಳಿದರು. ಕಾಕು ಹಾಸಿಗೆಗೆ ಅಂಟಿಕೊಂಡಿದ್ದರು. ನಮ್ಮ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬಹಳ ಹೊತ್ತು ತಲೆ ಸವರಿದರು. ನನಗೆ ಏನು ಮಾತಾಡುವುದೆಂದು ತೋಚದೆ, "ಡಾಕ್ಟರ್ ಏನಂದ್ರು ಕಾಕು?" ಎಂದುಬಿಟ್ಟೆ.

"ವಾತ ಅಂತ. ದಸರಾಕ್ಕ ಪುಣೇಕ್ಕ ಬರ್ತೀನಿ ನೋಡು" ಎಂದರು, ರೆಪ್ಪೆ ಕೂಡ ಅಲುಗಿಸದೆ.

"ಬರ್ರಿ ಕಾಕು" ಎಂದೆ. ಸಂಜೆಯ ರೈಲಿಗೆ ನಮ್ಮ ಟಿಕೆಟ್ ಆಗಿತ್ತು. ನಾವೂ ಈಗ ಕೇಳಿ ಮನೆಗೆ ಹೋಗುವ ಮಂದಿ.