ಈರವ್ವನಿಗೆ ನಾನು ಗಾಡಿ ಕಲಿಸಿದ್ದು

ಶಿವರಾತ್ರಿಗೆ ಇನ್ನೂ ವಾರವಿರುವಾಗ, ಬೆಳಗಿನ ತಂಪಿನಲ್ಲಿ ಬೈಲಹೊಂಗಲ ಬಿಟ್ಟೆವು. ಗಾಡಿ ನನ್ನ ಅಕ್ಕನದು. ಓಡಿಸುವವಳು ಅವಳ ಸೊಸೆ ಇಂಗ್ರಿಡ್. ಡೆನ್ಮಾರ್ಕಿನ ಹುಡುಗಿ, ಅಕ್ಕನ ಬಾಯಲ್ಲಿ ಈರವ್ವ. ತನ್ನ ದೇಶದಲ್ಲಿ ರಸ್ತೆಯ ಬಲಕ್ಕೆ ಓಡಿಸಿ ರೂಢಿಯಾದವಳು. ರಾಮದುರ್ಗದ ನೇಕಾರರ ಮನೆಗಳಿಗೆ ವಾರವಾರ ಹೋಗಿ ಮಗ್ಗದ ಕೆಲಸ ಕಲಿಯಬೇಕೆಂಬುದು ಅವಳ ಆಸೆ. ಅಕ್ಕ ಒಂದೇ ಷರತ್ತು ಹಾಕಿದ್ದಳು: "ತಮ್ಮಾ, ನೀ ಒಮ್ಮಿ ಜೋಡಿ ಹೋಗಿ ಬಾ. ನೀ ಹೂಂ ಅಂದ್ರ ಗಾಡಿ ಕೀಲಿ ಆಕಿಗೆ." ಹೀಗೆ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಪರೀಕ್ಷಕನ ಪದವಿಯಲ್ಲಿ ಎಡಗಡೆಯ ಸೀಟಿನಲ್ಲಿ ವಿರಾಜಮಾನನಾದೆ.

ಸವದತ್ತಿಯ ದಾರಿಯಲ್ಲಿ, ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಅವಳು ಬಹಳ ಹೊತ್ತು ಸುಮ್ಮನೆ ಬಂದಳು. ಅದರ ಚಾಲಕನಿಗೆ ತನ್ನ ಹಾಡಿನ ಹೊರತು ಲೋಕದಲ್ಲಿ ಇನ್ನೊಂದು ಶಬ್ದವಿರಲಿಲ್ಲ.

"ಹಾರ್ನ್ ಹೊಡಿ," ಎಂದೆ.

"ಯಾಕ? ಅವನು ಏನೂ ತಪ್ಪು ಮಾಡಿಲ್ಲ."

ನಮ್ಮಲ್ಲಿ ಹಾರ್ನ್ ಎಂದರೆ ಬೈಗುಳವಲ್ಲ, ಕುಶಲೋಪರಿ ಎಂದು ವಿವರಿಸಿದೆ. ಅವಳು ಅಳುಕುತ್ತ ಒತ್ತಿದಳು. ಅವನು ಕೈ ಬೀಸಿ ದಾರಿ ಕೊಟ್ಟ. ಸವದತ್ತಿಯಲ್ಲಿ ಗಿರಮಿಟ್ ತಿನ್ನುವಾಗ ಶಿಷ್ಯೆಯ ಪ್ರಗತಿಯನ್ನು ಹೋಟೆಲಿನವನಿಗೂ ವರದಿ ಮಾಡಿದೆ.

ಸಿರಸಂಗಿ ಹತ್ತಿರ ರಸ್ತೆಯ ತುಂಬ ಒಣಗಿದ ಕಡಲೆ ಗಿಡ ಹಾಸಿದ್ದರು. ಅವಳು ಗಾಡಿ ನಿಲ್ಲಿಸಿಯೇಬಿಟ್ಟಳು.

"ಮಾವಾರ, ಇದು ಊಟ. ಮ್ಯಾಲೆ ಹೆಂಗ ಹೋಗ್ಲಿ?"

ಗಾಲಿ ಹಾಯ್ದರೆ ಕಾಳು ಬಿಡುತ್ತವೆ, ಇದು ನಮ್ಮ ಕಡೆ ರಾಶಿ ಮಾಡುವ ರೀತಿ ಎಂದೆ. ರೈತನೂ ಕೂಗಿದ: "ಬರ್ರಿ ಅಕ್ಕಾರ! ಪುಕ್ಕಟ ತುಳಿಸಾಕ ನಿಮ್ಮ ಗಾಡೀನ ಕಾಯಾಕ ಹತ್ತೇವಿ!" ಅವಳು ನಕ್ಕು ಹಾಯಿಸಿದಳು. ನನ್ನ ಎದೆ ಉಬ್ಬಿತು.

ಕಟಕೋಳದ ಸಮೀಪ ವೇಗ ಮತ್ತೆ ತಗ್ಗಿತು. "ಇಲ್ಲೂ ಕಡಲಿ, ಮಾವಾರ. ಹೋಗ್ಲಾ?" ನಾನು ಆಗ ಕಿಟಕಿಯ ಕಡೆ ಮುಖ ಮಾಡಿ ರಾಮದುರ್ಗ ಸಂಸ್ಥಾನದ ಚರಿತ್ರೆಯನ್ನು ಬೋಧಿಸುತ್ತಿದ್ದೆ. ತಿರುಗಿಯೂ ನೋಡದೆ "ಹಾಯಸು" ಎಂದೆ. ಗಾಲಿಯ ಕೆಳಗೆ ಪಟಪಟ ಸದ್ದಾಯಿತು.

ಪಕ್ಕದ ಮನೆಯಿಂದ ಹೆಂಗಸೊಬ್ಬಳು ಓಡಿಬಂದಳು. "ಅಯ್ಯ ಶಿವನ! ಕಣ್ಣ ಅದಾವೋ ಇಲ್ಲೋ? ಬೀಜಕ್ಕಂತ ಆರಿಸಿ ಒಣಾಕ ಹಾಕಿದ್ದೆ. ಬ್ಯಾಳಿ ಮಾಡಿಟ್ರಲ್ರಿ! ಬ್ಯಾಳಿ ಬಿತ್ತಿದ್ರ ಮೊಳಕಿ ಬರತೈತೇನು?"

ಗಿಡವಲ್ಲ, ಹಸನು ಮಾಡಿದ ಕಾಳು. ಇಂಗ್ರಿಡ್ ಇಳಿದು ಕೈಮುಗಿದಳು. "ತಪ್ಪಾತ್ರಿ ಅವ್ವಾರ. ನಾ ಹೊಸಬಳು." ಆಮೇಲೆ ರಸ್ತೆಯಲ್ಲೇ ಕುಳಿತು ಒಡೆದ ಕಾಳುಗಳನ್ನು ಬೇರೆ ಮಾಡತೊಡಗಿದಳು.

ಹೆಂಗಸು ನನ್ನತ್ತ ತಿರುಗಿದಳು. "ಹಿರ್ಯಾರು ಜೋಡಿ ಕುಂತೀರಿ. ಒಂದ್ ಮಾತ ಹೇಳಬಾರದೇನ್ರಿ ಆಕಿಗೆ?"

ಹೇಳಿದ್ದೇ ನಾನು ಎಂಬುದನ್ನು ಹೇಳಲಿಲ್ಲ. ಇಳಿಯಲೂ ಇಲ್ಲ. ನನಗೆ ಮೊಣಕಾಲು ನೋವಿದೆ. ಆ ಗಳಿಗೆಯಲ್ಲಿ ಅದು ಬಹಳ ಉಪಕಾರಕ್ಕೆ ಬಂತು.

ರಾಮದುರ್ಗದಲ್ಲಿ ಮಗ್ಗ ನೋಡಿದೆವು, ಊಟ ಮಾಡಿದೆವು. ರೊಟ್ಟಿ ಚೆನ್ನಾಗಿದ್ದವಂತೆ. ಮರಳುವಾಗ ನಾನು ಪಾಠ ಮಾಡಲಿಲ್ಲ. ಅವಳ ಚಾಲನೆ ಎಷ್ಟೋ ಸುಧಾರಿಸಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಇಂಗ್ರಿಡ್ ಹೇಳಿಬಿಟ್ಟಳು: "ಅತ್ತಿ, ಒಬ್ಬರ ಬೀಜದ ಕಡಲಿ ಹಾಳ ಮಾಡಿದೆ." ಅಕ್ಕ ಮುಖ ಬಿಗಿದು ಕೀಲಿಗೆ ಕೈ ಚಾಚಿದಳು. ಹುಡುಗಿ ಕೊಟ್ಟಳು.

"ಹಾಯಸು ಅಂದಾಂವ ನಾನು," ಎಂದೆ. ಕಟಕೋಳದಲ್ಲಿ ಆಡಬೇಕಿದ್ದ ಮಾತು. "ಆಕಿ ಕೇಳಿದ್ಳು. ನಾ ನೋಡದ ಹೇಳಿದೆ."

ಅಕ್ಕ ನನ್ನನ್ನೇ ನೋಡಿದಳು. ಕೀಲಿ ಸೊಸೆಯ ಕೈಗೆ ಮರಳಿತು.

"ನಮ್ಮ ಬೀಜದ ಕಡಲಿ ಒಂದ್ ಚೀಲ ಐತಿ. ನಾಳೆ ಆ ತಾಯಿಗೆ ಕೊಟ್ಟು ಬಾ, ಈರವ್ವ," ಎಂದಳು. ಆಮೇಲೆ ನನಗೆ: "ನೀನೂ ಹೋಗು. ಹಿಂದ ಕುಂಡ್ರು, ಚೀಲದ ಜೋಡಿ. ಅಲ್ಲಿ ಇಳದು ನೀನ ಹೇಳು."