ಕೈಯಿಂದ ಕೈಗೆ ಬ್ಲೇಡು

ನಮ್ಮ ಆಸ್ಪತ್ರೆಯ ವಿಜಯವಾಡ ಶಾಖೆಯಲ್ಲಿ ಆಪರೇಷನ್ ಥಿಯೇಟರಿಗೆ ಹೊಸದಾಗಿ ಸೇರುವವರಿಗೆ ಒಂದು ಕಥೆ ಹೇಳುತ್ತಾರೆ. ವಿಶಾಖಪಟ್ಟಣದಲ್ಲಿ ಕನ್ನಡದ ಹುಡುಗಿಯೊಬ್ಬಳು ಹಿರಿಯ ಸರ್ಜನ್ ಜತೆ ವಾದಕ್ಕಿಳಿದು, ಬ್ಲೇಡನ್ನು ಕೈಯಿಂದ ಕೈಗೆ ಕೊಡುವ ರೂಢಿಯನ್ನೇ ನಿಲ್ಲಿಸಿದಳಂತೆ. ಹೋದ ತಿಂಗಳು ತರಬೇತಿ ಕೊಡಲು ಅಲ್ಲಿಗೆ ಹೋಗಿ ಪಟಮಟದ ಹಾಸ್ಟೆಲಿನಲ್ಲಿ ಉಳಿದಿದ್ದಾಗ, ಊಟದ ಮೇಜಿನಲ್ಲಿ ಇದನ್ನು ನನಗೇ ಹೇಳಿದರು. ಆ ಹುಡುಗಿ ನಾನೇ. ಆದರೆ ಆ ವಾದದಲ್ಲಿ ನಾನು ಸೋತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಕಳೆದವಳಿಗೆ ಅಷ್ಟಾದರೂ ಗೊತ್ತಾಗುತ್ತದೆ.

ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದು, ಎಂವಿಪಿ ಕಾಲೋನಿಯಲ್ಲಿ ಕೋಣೆ ಹಿಡಿದು, ಥಿಯೇಟರ್ ಟೆಕ್ನಿಷಿಯನ್ ಆಗಿ ಸೇರಿ ಆಗ ಐದಾರು ತಿಂಗಳಾಗಿತ್ತು. ಉಪಕರಣ ಜೋಡಿಸುವುದು ನನ್ನ ಕೆಲಸ, ಅವನ್ನು ಸರ್ಜನ್ ಕೈಗೆ ಕೊಡುವುದು ಸೀನಿಯರ್ ಸಿಸ್ಟರ್ ಕೆಲಸ. ಸರ್ಜನ್ ಕಣ್ಣೆತ್ತದೆ ಅಂಗೈ ಚಾಚುತ್ತಿದ್ದರು. ಸಿಸ್ಟರ್ ಬೇಕಾದ್ದನ್ನು ಟಪ್ಪೆಂದು ಇಡುತ್ತಿದ್ದರು. ನೋಡಲು ಚಂದವಾಗಿತ್ತು. ಅಪಾಯವಿದ್ದದ್ದು ವಾಪಸ್ ಬರುವಾಗ. ಬ್ಲೇಡು ಹಿಂದಿರುಗಿಸುವ ಕೈಯೂ ಮುಂದಿನ ಉಪಕರಣ ಹಿಡಿದ ಕೈಯೂ ಒಂದೇ ಜಾಗದಲ್ಲಿ ಎದುರಾಗುತ್ತಿದ್ದವು.

ಆ ವರ್ಷ ಸಿಸ್ಟರ್ ಹೆಬ್ಬೆರಳಿಗೆ ಮೂರನೇ ಸಲ ಗಾಯವಾಯಿತು. ಗ್ಲೌಸ್ ಹರಿದು ಬರೀ ಒಂದು ಗೀರು. ಆದರೆ ಬ್ಲೇಡಿನ ಮೇಲಿದ್ದದ್ದು ರೋಗಿಯ ರಕ್ತ. ಸೋಂಕು ತಗುಲಿದೆಯೇ ಎಂದು ಒಂದು ಪರೀಕ್ಷೆ, ಕೆಲವು ವಾರ ಬಿಟ್ಟು ಇನ್ನೊಂದು ಪರೀಕ್ಷೆ. ಎರಡೂ ಮುಗಿಯುವವರೆಗೆ ಅವರು ಮೊಮ್ಮಗಳಿಗೆ ತಮ್ಮ ತಟ್ಟೆಯಿಂದ ತುತ್ತು ಕೊಡುತ್ತಿರಲಿಲ್ಲ.

"ಊಟದಿಂದ ಅದೆಲ್ಲ ಹರಡಲ್ಲ ಅಂತ ನಿಮಗೇ ಗೊತ್ತಲ್ಲ ಸಿಸ್ಟರ್?"

"ಗೊತ್ತಮ್ಮಾ. ಆದರೂ ಕೊಡೋಕೆ ಕೈ ಬರಲ್ಲ." ಅವರು ಹೇಳಿದ್ದು ತೆಲುಗಿನಲ್ಲಿ, ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ.

ಮರುದಿನವೇ ನಾನು ಸರ್ಜನ್ ಕೋಣೆಗೆ ನುಗ್ಗಿದೆ. ಅವರು ಬಳ್ಳಾರಿಯವರು, ನನ್ನೊಂದಿಗೆ ಕನ್ನಡದಲ್ಲೇ ಮಾತು.

"ಸರ್, ಚೂಪಾದವು ಮಾತ್ರ ಕೈಗೆ ಕೊಡೋದು ಬೇಡ. ನಡುವೆ ಒಂದು ಕಿಡ್ನಿ ಟ್ರೇ ಇಡೋಣ. ಸಿಸ್ಟರ್ ಅದರಲ್ಲಿ ಇಡ್ತಾರೆ, ನೀವು ತಗೊಳ್ತೀರಿ. ವಾಪಸ್ಸೂ ಅದರಲ್ಲೇ."

"ಬ್ಲೇಡು ಎಲ್ಲೈತಿ ಅಂತ ನಾನು ಟ್ರೇನಾಗ ಹುಡುಕ್ತಾ ಕುಂದ್ರಬೇಕಾ? ಗಾಯದ ಮ್ಯಾಲಿಂದ ಕಣ್ಣು ತೆಗೀಬೇಕಾ?"

"ಒಂದೇ ಸೆಕೆಂಡು ಸರ್."

"ರಕ್ತ ಚಿಮ್ಮಾಕೂ ಒಂದೇ ಸೆಕೆಂಡು ಸಾಕಮ್ಮಾ. ನಿನ್ನ ಸ್ಪರ್ಧೆನಾಗ ಬೆಲ್ ಹೊಡದ್ರ ಮುಗೀತು. ನನ್ನ ಟೇಬಲ್‌ನಾಗ ಹಂಗ ಮುಗಿಯಂಗಿಲ್ಲ. ಹೋಗು, ಕಾಫಿ ಕುಡಿ."

ಅವರ ಆಕ್ಷೇಪ ಸರಿಯಾಗಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ಉಪಕರಣಗಳನ್ನು ಪ್ಯಾಕ್ ಮಾಡುವ ಕೋಣೆಯಲ್ಲಿ ಸಿಸ್ಟರ್ ಮುಂದೆ ಎಲ್ಲವನ್ನೂ ಕಕ್ಕಿದೆ.

"ಟ್ರೇ ಎಲ್ಲಿ ಇಡ್ತೀನಿ ಅಂತ ಹೇಳಿದೆ?"

"ನಡುವೆ ಅಂದೆ."

"ನಡುವೆ ಅಂದರೆ ಎಲ್ಲಿ? ಒಂದೊಂದು ಕೊಯ್ತ ಮುಗಿದ ಮೇಲೆ ಸಾರ್ ಕೈ ಎಲ್ಲಿ ಬಂದು ಕೂರುತ್ತೆ, ನೋಡಿದ್ದೀಯಾ? ಇಲ್ಲ. ಬಾಯಿ ಮಾತ್ರ ಜೋರು!"

ಅಲ್ಲಿಂದ ಒಂದು ವಾರ ನಾನು ಸರ್ಜನ್‌ರ ಬಲಗೈ ಮಣಿಕಟ್ಟನ್ನೇ ನೋಡಿದೆ. ಅದೆಂಥ ವಾರ! ಹರ್ನಿಯಾ ಇರಲಿ, ಅಪೆಂಡಿಕ್ಸ್ ಇರಲಿ, ಆ ಕೈ ಪ್ರತಿ ಸಲವೂ ಗಾಯದಿಂದ ಒಂದು ಗೇಣು ಕೆಳಗೆ, ರೋಗಿಯ ತೊಡೆ ಮೇಲಿನ ಹಸಿರು ಬಟ್ಟೆಗೇ ಬಂದು ಇಳಿಯುತ್ತಿತ್ತು. ಟ್ರೇ ಅಲ್ಲಿಟ್ಟರೆ ಹುಡುಕುವ ಮಾತೇ ಇಲ್ಲ! ಸಿಸ್ಟರೂ ನಾನೂ ಉಪಕರಣಗಳ ಟ್ರಾಲಿಯನ್ನು ಮತ್ತೆ ಜೋಡಿಸಿದೆವು. ಬ್ಲೇಡು, ಸೂಜಿಗಳೆಲ್ಲ ಟ್ರೇಗೆ ಹತ್ತಿರದ ಮೂಲೆಗೆ, ಹಿಡಿ ಸರ್ಜನ್ ಕಡೆಗೆ. ಟ್ರೇಯೊಳಗೆ ಒಂದು ಸಲಕ್ಕೆ ಒಂದೇ. ಟ್ರೇ ಜಾರದಂತೆ ಅದರ ಕೆಳಗೆ ಮಡಿಸಿದ ಬಟ್ಟೆ. ಮೊಂಡು ಉಪಕರಣಗಳು ಮೊದಲಿನಂತೆ ಕೈಗೇ. ಸರ್ಜನ್ ಎದುರು ಹೇಳಬೇಕಾದ ಮಾತನ್ನು ನಾನು ಸ್ನಾನ ಮಾಡುವಾಗಲೂ ಬಾಯಿಪಾಠ ಮಾಡಿದೆ.

ಆ ದಿನ ಹರ್ನಿಯಾ ಕೇಸು. ಸರ್ಜನ್ ಟ್ರೇ ನೋಡಿದರು. "ಇದ್ಯಾಕ ಇಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ಶುರು ಮಾಡಿಬಿಟ್ಟರು. "ಸಾರ್, ಚೂಪಾದ್ದು ಕೈಗೆ ಕೊಟ್ಟರೆ ಜಗಳ ಬರುತ್ತೆ. ಮನೇಲಿ ಉಪ್ಪು, ಮೆಣಸಿನಕಾಯಿನೇ ನಾವು ಕೈಗೆ ಕೊಡಲ್ಲ. ನಿಮಗೆ ಇಷ್ಟು ವರ್ಷ ಬ್ಲೇಡು ಕೊಟ್ಟಿದ್ದೀನಿ, ಸಾಕು. ಇನ್ನು ಮೇಲೆ ಕೆಳಗಿಡ್ತೀನಿ, ನೀವೇ ತಗೊಳ್ಳಿ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಥಿಯೇಟರಿನೊಳಗೆ, ದೀಪದ ಕೆಳಗೆ, ಮೂಢನಂಬಿಕೆ!

ಸರ್ಜನ್ ಮಾಸ್ಕಿನ ಮೇಲಿನ ಕಣ್ಣು ಕಿರಿದು ಮಾಡಿದರು. "ನಮ್ಮವ್ವನೂ ಕತ್ತರಿ ಕೈಗೆ ಕೊಡ್ತಿರಲಿಲ್ಲ. ದೂರದಿಂದ ಒಗೀತಿದ್ಲು. ನೀ ಒಗೀಬ್ಯಾಡ ಸಿಸ್ಟರ್, ಇಡು."

ಟಿಂಗ್ ಎಂದಿತು. ಕೈ ಇಳಿಯಿತು, ಬ್ಲೇಡು ಹಿಡಿಯಿತು, ಕಣ್ಣು ಗಾಯದ ಮೇಲೇ ಇತ್ತು. ಕೊಯ್ದಾದ ಮೇಲೆ ಮತ್ತೆ ಟ್ರೇಗೇ ಬಂತು. ಸೂಜಿ ಹೋಯಿತು, ಬಂತು. ಎರಡು ಕೈಗಳು ಒಮ್ಮೆಯೂ ಎದುರಾಗಲಿಲ್ಲ. ಹೊಲಿಗೆ ಹಾಕುವ ಹೊತ್ತಿಗೆ ಟ್ರೇ ಇರುವುದನ್ನೇ ಅವರು ಮರೆತಂತಿತ್ತು. ಕೂಗಿಬಿಡಬೇಕೆನ್ನಿಸುವಷ್ಟು ಖುಷಿಯಾಗಿತ್ತು ನನಗೆ.

ಹೊರಗೆ ಕೈ ತೊಳೆಯುತ್ತಾ ಸರ್ಜನ್ ನನ್ನನ್ನೇ ಗದರಿದರು. "ನೋಡು, ಕಣ್ಣೆತ್ತಲಿಲ್ಲ ನಾನು. ಹಿಂಗ ಇಡ್ತೀವಿ ಅಂತ ಅವತ್ತೇ ಹೇಳಾಕೇನಾಗಿತ್ತು ನಿಂಗ?"

ಆಮೇಲೆ ಬೇರೆ ಶಾಖೆಗಳಿಗೆ ಕಳಿಸಲು ವರದಿ ಬರೆದವಳು ನಾನು; ಅದರಲ್ಲಿ 'ಜಗಳ ಬರುತ್ತೆ' ಎಂದು ಬರೆಯಲಾಗುವುದಿಲ್ಲವಲ್ಲ. ಹಾಗಾಗಿ ವಿಜಯವಾಡಕ್ಕೆ ಹೋದದ್ದು ನನ್ನ ವಾದ, ಟ್ರೇ ಎಲ್ಲಿಡಬೇಕೆಂದು ನಾನು ಬರೆದ ನಕ್ಷೆ.

ಹೋದ ತಿಂಗಳು ತರಬೇತಿ ಮುಗಿಸಿ ಅಲ್ಲಿಂದ ಮರಳಿದ ದಿನ ಸಿಸ್ಟರ್ ಪ್ಯಾಕಿಂಗ್ ಕೋಣೆಯಲ್ಲಿದ್ದರು. ಅವರ ಎರಡನೇ ಪರೀಕ್ಷೆಯೂ ಶುದ್ಧವಾಗಿ ಬಂದು ಎಷ್ಟೋ ಕಾಲವಾಗಿತ್ತು. ಅಲ್ಲಿನವರ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. "ನಿಮಗೆ ನಿಜವಾಗಿ ಆ ನಂಬಿಕೆ ಇದೆಯಾ?" ಎಂದು ಕೇಳಬೇಕೆಂದೇ ಹೋಗಿದ್ದೆ. ಅವರ ಹೆಬ್ಬೆರಳಿನ ಬಿಳಿ ಗೀರುಗಳನ್ನು ನೋಡುತ್ತಿದ್ದಂತೆ ಬಾಯಿಗೆ ಬಂದದ್ದು ಬೇರೆಯೇ.

"ಸಿಸ್ಟರ್, ಸಾರ್ ಕೈ ಎಲ್ಲಿ ಇಳಿಯುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಏನು ಹೇಳಿದರೆ ಒಪ್ಪುತ್ತಾರೆ ಅನ್ನೋದೂ ಗೊತ್ತಿತ್ತು. ಮತ್ತೆ ಮೂರು ಸಲ ಬೆರಳು ಕೊಯ್ಸಿಕೊಳ್ಳೋವರೆಗೆ ಯಾಕೆ ಸುಮ್ಮನಿದ್ರಿ?"